ಮನೆಯ ಗಣಕಯಂತ್ರಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್: ನಾಗಪುರದ ಕುಟುಂಬಗಳಿಗೊಂದು ಕೈಪಿಡಿ

ನೌಕರಿ, ವ್ಯಾಪಾರಗಳ ನಿಮಿತ್ತ ನಾಗಪುರಕ್ಕೆ ಬಂದು ಇಲ್ಲಿಯವರೇ ಆಗಿಬಿಟ್ಟಿರುವ ಕನ್ನಡ ಕುಟುಂಬಗಳ ಅನೇಕ ಮನೆಗಳಲ್ಲಿ ಒಂದು ಮೇಜಿನ ಗಣಕಯಂತ್ರವಿರುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಅಂತರಜಾಲಕ್ಕೆ ಬಂದಾಗ ಕೊಂಡದ್ದು ಕೆಲವು. ಕಚೇರಿಗಳು ಹಳೆಯದೆಂದು ವಿಲೇವಾರಿ ಮಾಡಿದಾಗ ಅಗ್ಗದಲ್ಲಿ ದೊರೆತದ್ದು ಇನ್ನು ಕೆಲವು. ಪಾಠ, ಪತ್ರವ್ಯವಹಾರ, ಲೆಕ್ಕಪತ್ರಗಳಿಗೆ ಅದು ಇಂದಿಗೂ ಸಾಕು. ಆದರೆ ಮನೆಯ ಮಕ್ಕಳು ಹೊಸ ಆಟವೊಂದನ್ನು ಆಡಲು ಹೊರಟಾಗ ಪರದೆಯ ಮೇಲಿನ ಚಿತ್ರ ತಡೆತಡೆದು ಓಡುತ್ತದೆ. ಆಗ ಏಳುವ ಪ್ರಶ್ನೆ ಒಂದೇ: ಹೊಸ ಯಂತ್ರವನ್ನೇ ಕೊಳ್ಳಬೇಕೆ, ಅಥವಾ ಇರುವ ಯಂತ್ರಕ್ಕೆ ಒಂದು ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ ಸಾಕೆ?

ಅಂಗಡಿಯವರ ಮಾತಿಗಷ್ಟೇ ಬಿಟ್ಟರೆ ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗುವುದು ಕಷ್ಟ. ತಪ್ಪು ಕಾರ್ಡಿಗೆ ಹಣ ತೆತ್ತರೆ ನಷ್ಟ ಹಣಕ್ಕೆ ಮಾತ್ರ ನಿಲ್ಲುವುದಿಲ್ಲ. ಶಕ್ತಿ ಮೀರಿದ ಭಾರ ಹೊತ್ತ ವಿದ್ಯುತ್ ಪೆಟ್ಟಿಗೆ ಸುಟ್ಟು, ಪರೀಕ್ಷೆಯ ದಿನಗಳಲ್ಲಿ ಇದ್ದೊಂದು ಗಣಕವೂ ಇಲ್ಲವಾಗಬಹುದು. ಆದ್ದರಿಂದ ಕೊಳ್ಳುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ಗ್ರಾಫಿಕ್ಸ್ ಕಾರ್ಡ್ ಮಾಡುವ ಕೆಲಸ

ಅಂಗಳದಲ್ಲಿ ದೊಡ್ಡ ರಂಗೋಲಿ ಹಾಕುವುದನ್ನು ನೆನೆಯಿರಿ. ಚುಕ್ಕಿಗಳ ಲೆಕ್ಕ ಹಿಡಿದು ಗೆರೆ ಎಳೆಯಲು ನುರಿತ ಕೈಯೊಂದು ಸಾಕು. ಬಣ್ಣ ತುಂಬಲು ಮಾತ್ರ ಹತ್ತಾರು ಕೈಗಳಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಗಣಕದ ಪ್ರೊಸೆಸರ್ ಗೆರೆ ಎಳೆಯುವ ಆ ನುರಿತ ಕೈ. ಗ್ರಾಫಿಕ್ಸ್ ಕಾರ್ಡ್ ಬಣ್ಣ ತುಂಬುವ ನೂರಾರು ಕೈಗಳ ಗುಂಪು. ಪರದೆಯ ಪ್ರತಿಯೊಂದು ಚುಕ್ಕಿಯ ಬಣ್ಣವನ್ನೂ ಸೆಕೆಂಡಿಗೆ ಹಲವು ಬಾರಿ ಹೊಸದಾಗಿ ಲೆಕ್ಕ ಹಾಕುವುದು ಅದರ ಹೊಣೆ. 1920×1080 ಅಳತೆಯ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿಗಳಿವೆ. ಸೆಕೆಂಡಿಗೆ 60 ಚಿತ್ರಗಳು ಮೂಡಬೇಕೆಂದರೆ ಪ್ರತಿ ಸೆಕೆಂಡಿಗೆ 12 ಕೋಟಿಗೂ ಮೀರಿದ ಚುಕ್ಕಿಗಳಿಗೆ ಬಣ್ಣ ಕೊಡಬೇಕು.

1993ರಲ್ಲಿ ಸ್ಥಾಪನೆಯಾದ ಎನ್ವಿಡಿಯಾ ಸಂಸ್ಥೆ 1999ರಲ್ಲಿ ಜಿಫೋರ್ಸ್ 256 ಎಂಬ ಕಾರ್ಡನ್ನು ತಂದು, ಅದನ್ನು ಜಗತ್ತಿನ ಮೊದಲ ‘ಜಿಪಿಯು’ ಎಂದು ಪ್ರಚಾರ ಮಾಡಿತು. ಅದರ ಪ್ರತಿಸ್ಪರ್ಧಿಯಾಗಿದ್ದ ಎಟಿಐ ಸಂಸ್ಥೆಯನ್ನು 2006ರಲ್ಲಿ ಎಎಂಡಿ ಕೊಂಡುಕೊಂಡಿತು. 2022ರಲ್ಲಿ ಇಂಟೆಲ್ ಸಹ ‘ಆರ್ಕ್’ ಹೆಸರಿನ ಕಾರ್ಡುಗಳೊಂದಿಗೆ ಕಣಕ್ಕಿಳಿಯಿತು. ಕನ್ನಡಿಗರಿಗೆ ಈ ಉದ್ಯಮ ದೂರದ್ದೇನೂ ಅಲ್ಲ. ಮೂರೂ ಸಂಸ್ಥೆಗಳ ಎಂಜಿನಿಯರಿಂಗ್ ಕೇಂದ್ರಗಳು ಬೆಂಗಳೂರಿನಲ್ಲಿವೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ಅಲ್ಲಿಯೇ ಉದ್ಘಾಟಿಸಿತು.

ಮೊದಲು ಇರುವುದನ್ನು ಅರಿಯಿರಿ

ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋದರೆ ಪ್ರೊಸೆಸರ್‌ನ ಹೆಸರು, ರ‍್ಯಾಮ್‌ನ ಗಾತ್ರ, ಈಗಿರುವ ಗ್ರಾಫಿಕ್ಸ್ ಯಾವುದೆಂಬ ವಿವರ ದೊರೆಯುತ್ತದೆ. ಇವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಂತರ ವಿದ್ಯುತ್ ಸಂಪರ್ಕ ತೆಗೆದು, ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿ ಈ ಅಂಶಗಳನ್ನು ನೋಡಿಕೊಳ್ಳಬೇಕು.

ಮೊದಲನೆಯದು, ಮದರ್‌ಬೋರ್ಡಿನಲ್ಲಿ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿ ಇದೆಯೇ ಎಂಬುದು. ಎರಡನೆಯದು, ಕಾರ್ಡಿಗೆ ದೊರೆಯುವ ಸ್ಥಳ. ಸ್ಲಾಟಿನ ಹಿಂದಿನ ತಗಡಿನಿಂದ ಎದುರಿನ ಡಿಸ್ಕ್ ಚೌಕಟ್ಟಿನವರೆಗಿನ ಅಂತರವನ್ನು ಅಳತೆಪಟ್ಟಿ ಹಿಡಿದೇ ಅಳೆಯಿರಿ. ಬಹುಪಾಲು ಕಾರ್ಡುಗಳು ದಪ್ಪದಲ್ಲಿ ಎರಡು ಸ್ಲಾಟುಗಳ ಜಾಗ ತೆಗೆದುಕೊಳ್ಳುತ್ತವೆ. ಕಚೇರಿ ಮಾದರಿಯ ತೆಳ್ಳನೆಯ ಕ್ಯಾಬಿನೆಟ್ ಆದರೆ ‘ಲೋ ಪ್ರೊಫೈಲ್’ ಎಂಬ ಗಿಡ್ಡ ಕಾರ್ಡುಗಳು ಮಾತ್ರ ಹಿಡಿಯುತ್ತವೆ. ಮೂರನೆಯದು, ವಿದ್ಯುತ್ ಪೆಟ್ಟಿಗೆಯ ಮೇಲಿನ ಚೀಟಿ. ನಾಲ್ಕನೆಯದು, ಪರದೆಯ ಕೇಬಲ್ಲು. ಇಂದಿನ ಕಾರ್ಡುಗಳಲ್ಲಿ ಹಳೆಯ ನೀಲಿ ವಿಜಿಎ ಕಿಂಡಿ ಇರುವುದಿಲ್ಲ. ಪರದೆ ಹಳೆಯದಾಗಿದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಚಿಕ್ಕ ಪರಿವರ್ತಕವೊಂದನ್ನು ಪಟ್ಟಿಗೆ ಸೇರಿಸಿಕೊಳ್ಳಿ.

ರ‍್ಯಾಮ್ 8 ಜಿಬಿಗಿಂತ ಕಡಿಮೆ ಇದ್ದು, ಇನ್ನೂ ತಿರುಗುವ ಹಾರ್ಡ್ ಡಿಸ್ಕಿನಲ್ಲೇ ವಿಂಡೋಸ್ ಓಡುತ್ತಿದ್ದರೆ ಮೊದಲ ಖರ್ಚು ಅಲ್ಲಿಗೆ ಸಲ್ಲಬೇಕು. ರ‍್ಯಾಮ್ ಸಾಲದ ಯಂತ್ರಕ್ಕೆ ಎಂಥ ಕಾರ್ಡ್ ಹಾಕಿದರೂ ಆಟ ನಡುನಡುವೆ ನಿಲ್ಲುತ್ತದೆ. ಈಗ ಒಂದೇ ರ‍್ಯಾಮ್ ಪಟ್ಟಿ ಇದ್ದರೆ ಅದೇ ಗಾತ್ರ ಮತ್ತು ವೇಗದ ಇನ್ನೊಂದನ್ನು ಜೋಡಿಸುವುದು ಉತ್ತಮ; ಎರಡು ಪಟ್ಟಿಗಳು ಜೊತೆಯಾಗಿ ಕೆಲಸ ಮಾಡುವಾಗ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಸಹ ಗಮನಾರ್ಹವಾಗಿ ಚುರುಕಾಗುತ್ತದೆ. 2021ರಲ್ಲಿ ಬಂದ ರೈಜನ್ 5 5600ಜಿಯಂಥ ಪ್ರೊಸೆಸರ್ ಇರುವ ಮನೆಗಳಲ್ಲಿ ಹಗುರವಾದ ಆಟಗಳಿಗೆ ಪ್ರತ್ಯೇಕ ಕಾರ್ಡಿನ ಅಗತ್ಯವೇ ಬೀಳದಿರಬಹುದು.

ಯಂತ್ರದ ವಯಸ್ಸನ್ನೂ ನೋಡಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ 8ನೆಯ ಪೀಳಿಗೆ ಮತ್ತು ಅನಂತರದ ಪ್ರೊಸೆಸರ್‌ಗಳನ್ನು. ಅದಕ್ಕಿಂತ ಹಳೆಯ ಯಂತ್ರಕ್ಕೆ ದುಬಾರಿ ಕಾರ್ಡ್ ಹಾಕುವುದು, ಬಾಡಿಗೆ ಮನೆಗೆ ಅಮೃತಶಿಲೆ ಹಾಸಿದಂತೆ. ಪ್ರೊಸೆಸರ್ ಗೆರೆ ಎಳೆದು ಕೊಡುವಷ್ಟರಲ್ಲಿ ಕಾರ್ಡ್ ಕೈಕಟ್ಟಿ ಕುಳಿತಿರುತ್ತದೆ. ಇಂಥ ಯಂತ್ರಕ್ಕೆ ಸಾಧಾರಣ ಕಾರ್ಡೇ ಭೂಷಣ.

ವಿದ್ಯುತ್ ಪೆಟ್ಟಿಗೆಯ ಲೆಕ್ಕ

ಅಂಗಡಿಯವರೆಲ್ಲರೂ ಎಸ್‌ಎಂಪಿಎಸ್ ಎಂದು ಕರೆಯುವ ವಿದ್ಯುತ್ ಪೆಟ್ಟಿಗೆಯೇ ಈ ಇಡೀ ವ್ಯವಹಾರದ ತಳಪಾಯ. ಮದರ್‌ಬೋರ್ಡಿನ ಸ್ಲಾಟಿನ ಮೂಲಕ ಕಾರ್ಡಿಗೆ ಹೆಚ್ಚೆಂದರೆ 75 ವ್ಯಾಟ್ ವಿದ್ಯುತ್ ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡುಗಳಿಗೆ ಪೆಟ್ಟಿಗೆಯಿಂದ ನೇರವಾಗಿ ಬರುವ ಬೇರೆ ತಂತಿ ಬೇಕು. 6 ಪಿನ್ನಿನ ತಂತಿ 75 ವ್ಯಾಟ್, 8 ಪಿನ್ನಿನದು 150 ವ್ಯಾಟ್ ಒದಗಿಸುವಂತೆ ಗೊತ್ತುಪಡಿಸಲಾಗಿದೆ.

ಉದಾಹರಣೆಗೆ, 84 ವ್ಯಾಟಿನ ಹಳೆಯ ಕೋರ್ ಐ5 ಪ್ರೊಸೆಸರ್, ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಸುಮಾರು 50 ವ್ಯಾಟ್, 70 ವ್ಯಾಟಿನ ಕಾರ್ಡು. ಒಟ್ಟು 204 ವ್ಯಾಟ್. ಕಚೇರಿ ಮಾದರಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ 180ರಿಂದ 300 ವ್ಯಾಟಿನ ಪೆಟ್ಟಿಗೆಗಳಿರುತ್ತವೆ. 290 ವ್ಯಾಟಿನ ಪೆಟ್ಟಿಗೆ ಈ ಭಾರವನ್ನು ಹೊರಬಲ್ಲದು, 180ರದ್ದು ಹೊರಲಾರದು. ಅದೇ ಯಂತ್ರಕ್ಕೆ 130 ವ್ಯಾಟಿನ ಕಾರ್ಡ್ ಹಾಕಿದರೆ ಮೊತ್ತ 264ಕ್ಕೆ ಏರುತ್ತದೆ. ಆಗ 290ರ ಪೆಟ್ಟಿಗೆಗೂ ಉಸಿರಾಡಲು ಜಾಗ ಉಳಿಯುವುದಿಲ್ಲ.

ಹೆಸರಿಲ್ಲದ ಅಗ್ಗದ ಪೆಟ್ಟಿಗೆಗಳ ಚೀಟಿಯ ಮೇಲೆ 450 ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಅದನ್ನೇ ನಂಬಬೇಡಿ. ಗ್ರಾಫಿಕ್ಸ್ ಕಾರ್ಡಿಗೆ ಬೇಕಾದದ್ದು 12 ವೋಲ್ಟಿನ ವಿದ್ಯುತ್. ಚೀಟಿಯಲ್ಲಿ 12 ವೋಲ್ಟಿನ ಎದುರು ಬರೆದಿರುವ ಆಂಪಿಯರನ್ನು 12ರಿಂದ ಗುಣಿಸಿದರೆ ಆ ಸಾಲಿನ ಸಾಮರ್ಥ್ಯ ತಿಳಿಯುತ್ತದೆ. 16 ಆಂಪಿಯರ್ ಎಂದಿದ್ದರೆ ಅದು 192 ವ್ಯಾಟ್ ಮಾತ್ರ. ‘80 ಪ್ಲಸ್’ ಮುದ್ರೆಯುಳ್ಳ, ಹೆಸರಾಂತ ತಯಾರಕರ 450 ಅಥವಾ 550 ವ್ಯಾಟಿನ ಪೆಟ್ಟಿಗೆ ಮುಂದಿನ ಯಂತ್ರಕ್ಕೂ ಬರುತ್ತದೆಯಾದ್ದರಿಂದ ಅದಕ್ಕೆ ತೆತ್ತ ಹಣ ವ್ಯರ್ಥವಾಗದು. ಆದರೆ ದೊಡ್ಡ ಕಂಪೆನಿಗಳ ಕೆಲವು ಸಿದ್ಧ ಯಂತ್ರಗಳಲ್ಲಿ ಪೆಟ್ಟಿಗೆಯ ಆಕಾರವೂ ಬೋರ್ಡಿಗೆ ಹೋಗುವ ಪಿನ್ನುಗಳೂ ಬೇರೆ ಬಗೆಯವು. ಪೇಟೆಯ ಸಾಮಾನ್ಯ ಪೆಟ್ಟಿಗೆ ಅವುಗಳಿಗೆ ಕೂರುವುದಿಲ್ಲ. ಅಂಥವರು 75 ವ್ಯಾಟಿನೊಳಗಿನ ಕಾರ್ಡನ್ನೇ ಆರಿಸಬೇಕು.

ಮನೆಯಲ್ಲಿರುವ ಯುಪಿಎಸ್ ಕೂಡ ಈ ಲೆಕ್ಕಕ್ಕೆ ಸೇರಬೇಕು. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಹೊರುವ ಭಾರ ಸುಮಾರು 360 ವ್ಯಾಟ್. ಆಟದ ನಡುವೆ ವಿದ್ಯುತ್ ಹೋದಾಗ ಯಂತ್ರವೂ ಕೂಡಲೇ ಆರಿದರೆ ಬ್ಯಾಟರಿ ಹಳೆಯದಾಗಿದೆ ಅಥವಾ ಭಾರ ಮಿತಿ ಮೀರಿದೆ ಎಂದು ತಿಳಿಯಬೇಕು.

ನಾಗಪುರದ ಬಿಸಿಲು

ಬೆಂಗಳೂರಿನ ಬಂಧುಗಳು ಕೊಡುವ ಸಲಹೆಯನ್ನು ನಾಗಪುರದಲ್ಲಿ ಹಾಗೆಯೇ ಪಾಲಿಸುವಂತಿಲ್ಲ. ಇಲ್ಲಿ ಮೇ ತಿಂಗಳಲ್ಲಿ ಉಷ್ಣಾಂಶ 45 ಡಿಗ್ರಿ ದಾಟುವುದು ಅಪರೂಪವಲ್ಲ. ಮೇ ಕೊನೆಯ ‘ನೌತಪಾ’ ದಿನಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಾಲೆಗೆ ರಜೆ ಇರುವುದೂ, ಮಕ್ಕಳು ಹೆಚ್ಚು ಹೊತ್ತು ಆಡುವುದೂ ಅದೇ ತಿಂಗಳುಗಳಲ್ಲಿ.

ಕಾರ್ಡಿನ ಬಿಸಿ ಕೋಣೆಯ ಬಿಸಿಯ ಮೇಲೆ ನಿಲ್ಲುತ್ತದೆ. 27 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿಗೆ ನಿಲ್ಲುವ ಕಾರ್ಡ್, 40 ಡಿಗ್ರಿಯ ಕೋಣೆಯಲ್ಲಿ ಅದೇ ಆಟಕ್ಕೆ ಸುಮಾರು 83ರ ಆಸುಪಾಸಿಗೆ ಏರುತ್ತದೆ. ಮಿತಿಯನ್ನು ಮುಟ್ಟಿದಾಗ ಕಾರ್ಡ್ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಆಟ ಮತ್ತೆ ತಡೆಯುತ್ತದೆ. ಹೀಗಾಗಿ ನಮ್ಮ ಊರಿಗೆ ಕಡಿಮೆ ವ್ಯಾಟಿನ, ಎರಡು ಫ್ಯಾನುಗಳುಳ್ಳ ಕಾರ್ಡ್ ಹೆಚ್ಚು ಯೋಗ್ಯ. ಕ್ಯಾಬಿನೆಟ್ಟಿನ ಮುಂಭಾಗದಿಂದ ಗಾಳಿ ಎಳೆಯುವ ಒಂದು ಫ್ಯಾನು, ಹಿಂಭಾಗದಿಂದ ಹೊರದೂಡುವ ಒಂದು ಫ್ಯಾನು ಇರಲೇಬೇಕು. ಮುಚ್ಚಿದ ಮರದ ಕಪಾಟಿನೊಳಗೆ ಯಂತ್ರವನ್ನಿಡುವ ಅಭ್ಯಾಸವನ್ನು ಬಿಡಬೇಕು.

ವಿದರ್ಭದ ಮನೆಗಳ ಲಾವಂಚದ ಅಥವಾ ಮರದ ನಾರಿನ ಕೂಲರ್ ಬಗ್ಗೆ ಒಂದು ಎಚ್ಚರಿಕೆ. ಅದು ಕೋಣೆಯನ್ನು ತಂಪು ಮಾಡುವುದು ನೀರನ್ನು ಆವಿಯಾಗಿಸಿ. ಅದರ ನೇರ ಗಾಳಿಗೆ ಯಂತ್ರವನ್ನಿಟ್ಟರೆ ತೇವ ಮತ್ತು ಧೂಳು ಸೇರಿ ಫ್ಯಾನಿನ ಎಲೆಗಳಿಗೂ ತಗಡಿನ ಸಂದುಗಳಿಗೂ ಅಂಟುತ್ತವೆ. ಕೋಣೆ ತಂಪಾಗಲಿ, ಆದರೆ ಗಾಳಿಯ ಧಾರೆ ಕ್ಯಾಬಿನೆಟ್ಟಿಗೆ ನೇರವಾಗಿ ಬಡಿಯದಿರಲಿ. ಒಳಗಿನ ಧೂಳನ್ನು ವರ್ಷಕ್ಕೆ ಎರಡು ಬಾರಿಯಾದರೂ ತೆಗೆಯಬೇಕು. ಬೇಸಿಗೆಗೆ ಮುನ್ನ ಯುಗಾದಿಯ ಹೊತ್ತಿಗೆ ಒಮ್ಮೆ, ಆಯುಧಪೂಜೆಗೆ ಒಮ್ಮೆ ಎಂದಿಟ್ಟುಕೊಂಡರೆ ಮರೆಯುವುದಿಲ್ಲ. ಗಾಳಿ ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದಿರಬೇಕು. ಪೂಜೆಯ ದಿನ ಕುಂಕುಮ, ಹೂವು ಹೊರಗಿನ ಕವಚಕ್ಕೆ ಸಾಕು; ನೀರು ಪ್ರೋಕ್ಷಿಸುವುದು ಬೇಡ.

ವಿದ್ಯುತ್ ಬಿಲ್ಲನ್ನೂ ಅಂದಾಜು ಮಾಡಬಹುದು. 130 ವ್ಯಾಟಿನ ಕಾರ್ಡ್ ದಿನಕ್ಕೆ ಎರಡು ತಾಸು ಪೂರ್ಣ ಭಾರದಲ್ಲಿ ಓಡಿದರೆ ತಿಂಗಳಿಗೆ ಸುಮಾರು 8 ಯೂನಿಟ್. 70 ವ್ಯಾಟಿನದು ಸುಮಾರು 4 ಯೂನಿಟ್. ಇದು ದೊಡ್ಡ ಮೊತ್ತವಲ್ಲ. ಆದರೂ ಕೂಲರು, ಏಸಿಗಳಿಂದ ಈಗಾಗಲೇ ಮೇಲಿನ ಸ್ಲ್ಯಾಬ್ ಮುಟ್ಟಿರುವ ಮನೆಗೆ ಈ ಯೂನಿಟ್ಟುಗಳು ಮೇಲಿನ ದರದಲ್ಲೇ ಬೀಳುತ್ತವೆ ಎಂಬುದು ನೆನಪಿರಲಿ.

ಯಾವ ಕಾರ್ಡ್ ಯಾರಿಗೆ

ಕಾರ್ಡಿನ ಬೆಲೆಗಳು ವಾರದಿಂದ ವಾರಕ್ಕೆ ಬದಲಾಗುತ್ತವೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಮೆಮೊರಿ ಚಿಪ್ಪುಗಳ ಬೆಲೆ ತೀವ್ರವಾಗಿ ಏರಿ, ಅದರ ಬಿಸಿ ರ‍್ಯಾಮ್‌ಗೂ ಕಾರ್ಡುಗಳಿಗೂ ತಟ್ಟಿತು. ಆದ್ದರಿಂದ ಇಲ್ಲಿ ಬೆಲೆಗಳನ್ನು ಬರೆಯದೆ ಅರ್ಹತೆಯನ್ನು ಮಾತ್ರ ಹೇಳಲಾಗಿದೆ.

ವಿದ್ಯುತ್ ಪೆಟ್ಟಿಗೆಯನ್ನು ಬದಲಿಸಲಾಗದವರಿಗೆ: 2024ರ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ 70 ವ್ಯಾಟಿನದು, ಬಹುತೇಕ ಮಾದರಿಗಳಿಗೆ ಬೇರೆ ತಂತಿ ಬೇಡ. 2019ರ ಜಿಟಿಎಕ್ಸ್ 1650 ಸಹ 75 ವ್ಯಾಟಿನ ಕಾರ್ಡು, 4 ಜಿಬಿ ಮೆಮೊರಿಯದು; ಆದರೆ ಅದರ ಕೆಲವು ಮಾದರಿಗಳು 6 ಪಿನ್ನಿನ ತಂತಿ ಕೇಳುತ್ತವೆಯಾದ್ದರಿಂದ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿಯೇ ಕೊಳ್ಳಬೇಕು. 2022ರ ಆರ್‌ಎಕ್ಸ್ 6400 ಕೇವಲ 53 ವ್ಯಾಟಿನದಾದರೂ, ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕು ದಾರಿಗಳನ್ನು ಮಾತ್ರ ಬಳಸುವುದರಿಂದ ಹಳೆಯ ಬೋರ್ಡುಗಳಲ್ಲಿ ಹಿಂದೆ ಬೀಳುತ್ತದೆ.

ಒಳ್ಳೆಯ ಪೆಟ್ಟಿಗೆಯೂ ನಡುವಯಸ್ಸಿನ ಯಂತ್ರವೂ ಇರುವವರಿಗೆ: 2021ರ ಆರ್‌ಎಕ್ಸ್ 6600 (132 ವ್ಯಾಟ್) ಮತ್ತು 2025ರ ಆರ್‌ಟಿಎಕ್ಸ್ 5050 (130 ವ್ಯಾಟ್) ಎರಡೂ 8 ಜಿಬಿ ಮೆಮೊರಿಯ ಕಾರ್ಡುಗಳು, 1920×1080 ಪರದೆಗೆ ಸಾಕಷ್ಟು ಸಮರ್ಥ. 2024ರ ಡಿಸೆಂಬರಿನಲ್ಲಿ ಬಂದ ಇಂಟೆಲ್ ಆರ್ಕ್ ಬಿ580ಯಲ್ಲಿ 12 ಜಿಬಿ ಮೆಮೊರಿ ಇದೆ. ಆದರೆ ಅದು 190 ವ್ಯಾಟ್ ಬೇಡುತ್ತದೆ, ಮತ್ತು ‘ರೀಸೈಜಬಲ್ ಬಾರ್’ ಎಂಬ ಸೌಲಭ್ಯವಿಲ್ಲದ ಹಳೆಯ ಬೋರ್ಡುಗಳಲ್ಲಿ ಅದರ ಶಕ್ತಿ ಬಹಳ ಕುಂದುತ್ತದೆ.

ಯಾವ ಆಟ ಎಂಬುದರ ಮೇಲೂ ಆಯ್ಕೆ ನಿಂತಿದೆ. 2020ರಲ್ಲಿ ವ್ಯಾಲೊರಂಟ್ ಆಟ ಬಂದಾಗ, ಸೆಕೆಂಡಿಗೆ 144ಕ್ಕೂ ಹೆಚ್ಚು ಚಿತ್ರಗಳಿಗೆ ಅದರ ತಯಾರಕರು ಸೂಚಿಸಿದ್ದು ಜಿಟಿಎಕ್ಸ್ 1050 ಟಿಐ ಎಂಬ ಸಾಧಾರಣ ಕಾರ್ಡನ್ನು. ಪುಣೆಯ ಸಂಸ್ಥೆಯೊಂದು ಭಾರತೀಯ ಪುರಾಣಲೋಕವನ್ನು ಆಧರಿಸಿ 2020ರಲ್ಲಿ ತಂದ ‘ರಾಜಿ’ ಆಟವೂ ಭಾರೀ ಯಂತ್ರ ಕೇಳುವುದಿಲ್ಲ. ಹೊಚ್ಚ ಹೊಸ ಬೃಹತ್ ಆಟಗಳು ಮಾತ್ರ 8 ಜಿಬಿ ಮೆಮೊರಿಯನ್ನೂ ತುಂಬಿಬಿಡುತ್ತವೆ. ‘ಮುಂದೆ ಬೇಕಾಗಬಹುದು’ ಎಂದು ದುಬಾರಿ ಕಾರ್ಡ್ ಕೊಳ್ಳುವ ಮೊದಲು, ಮಕ್ಕಳು ಈಗ ಆಡಬಯಸುವ ಮೂರು ಆಟಗಳ ಹೆಸರನ್ನು ಅವರಿಂದಲೇ ಬರೆಸಿ, ಆ ಆಟಗಳು ಕೇಳುವ ಕನಿಷ್ಠ ಅರ್ಹತೆಯನ್ನು ನೋಡಿಕೊಳ್ಳಿ.

ಅಂಗಡಿಗಳಲ್ಲಿ ಇನ್ನೂ ಕಾಣುವ ಜಿಟಿ 710ರಂಥ ಕಾರ್ಡುಗಳು ಪರದೆಗೆ ಚಿತ್ರ ಕಳಿಸಲು ಮಾತ್ರ ಯೋಗ್ಯ, ಆಟಕ್ಕೆ ಅಲ್ಲ. ಮೆಮೊರಿಯ ಅಂಕಿ ದೊಡ್ಡದಾಗಿದೆ ಎಂಬ ಕಾರಣಕ್ಕೆ ಯಾವ ಕಾರ್ಡನ್ನೂ ಕೊಳ್ಳಬಾರದು.

ಬಳಸಿದ ಕಾರ್ಡುಗಳ ವಿಚಾರ

ಕ್ರಿಪ್ಟೊ ನಾಣ್ಯ ಇಥೀರಿಯಂ 2022ರ ಸೆಪ್ಟೆಂಬರ್ 15ರಂದು ತನ್ನ ಪದ್ಧತಿ ಬದಲಿಸಿಕೊಂಡಾಗ, ಅದನ್ನು ಗಣಿಸಲು ಹಗಲಿರುಳು ಓಡಿದ್ದ ಅಸಂಖ್ಯ ಕಾರ್ಡುಗಳು ಹಳೆಯ ಮಾಲಿನ ಪೇಟೆಗೆ ಬಂದವು. ಅವೆಲ್ಲ ಕೆಟ್ಟವೆಂದಲ್ಲ, ಆದರೆ ಫ್ಯಾನು ಸವೆದಿರುತ್ತದೆ, ಚಿಪ್ಪಿನ ಮೇಲಿನ ಶಾಖವಾಹಕ ಲೇಪ ಒಣಗಿರುತ್ತದೆ. ಬಳಸಿದ ಕಾರ್ಡನ್ನು ಕೊಳ್ಳುವುದಾದರೆ ಮಾರುವವರ ಎದುರೇ ಅರ್ಧ ತಾಸು ಆಟ ಓಡಿಸಿ, ಬಿಸಿ ಎಷ್ಟಕ್ಕೆ ನಿಲ್ಲುತ್ತದೆ, ಪರದೆಯಲ್ಲಿ ಬಣ್ಣದ ಚುಕ್ಕಿಗಳು ಸಿಡಿಯುತ್ತವೆಯೇ ಎಂದು ನೋಡಬೇಕು.

ನಕಲಿ ಕಾರ್ಡುಗಳೂ ಉಂಟು. ಹಳೆಯ ಚಿಪ್ಪಿನ ಒಳತಂತ್ರಾಂಶವನ್ನು ತಿದ್ದಿ, ಹೊಸ ಹೆಸರು ಹೇಳುವಂತೆ ಮಾಡಿ ಮಾರುತ್ತಾರೆ. ಉಚಿತವಾಗಿ ದೊರೆಯುವ ಜಿಪಿಯು-ಝಡ್ ತಂತ್ರಾಂಶ ಇಂಥ ಅನೇಕ ವಂಚನೆಗಳನ್ನು ಗುರುತಿಸಿ ಹೇಳುತ್ತದೆ. ಇನ್ನೊಂದು ಸಂಗತಿ: ಜಿಟಿಎಕ್ಸ್ 900 ಮತ್ತು 1000 ಸರಣಿಯ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ನೀಡುವುದನ್ನು ಎನ್ವಿಡಿಯಾ 2025ರ ಅಕ್ಟೋಬರಿಗೆ ಕೊನೆಗೊಳಿಸಿತು, 2028ರ ಅಕ್ಟೋಬರಿನವರೆಗೆ ಸುರಕ್ಷತೆಯ ತಿದ್ದುಪಡಿಗಳಷ್ಟೇ ಬರುತ್ತವೆ. ಹಳೆಯ ಆಟಗಳಿಗೆ ತೊಂದರೆಯಿಲ್ಲ, ಆದರೆ ಅಂಥ ಕಾರ್ಡಿಗೆ ಕೊಡುವ ಬೆಲೆ ಅದಕ್ಕೆ ತಕ್ಕಂತೆ ಕಡಿಮೆ ಇರಬೇಕು.

ಎಲ್ಲಿ ಕೊಳ್ಳುವುದು

ಸೀತಾಬರ್ಡಿಯ ಪೇಟೆಯಲ್ಲಿ ವಿಚಾರಿಸಿ, ಅಂತರಜಾಲದ ಬೆಲೆಯೊಂದಿಗೆ ಹೋಲಿಸಿ ನಿರ್ಧರಿಸುವುದು ಲೇಸು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ ಅಥವಾ ರಜೆಗೆ ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಯ್ಕೆ ಹೆಚ್ಚಿರಬಹುದು. ಆದರೆ ಅಲ್ಲಿ ಉಳಿಸಿದ ಹಣವನ್ನು, ಕಾರ್ಡ್ ಕೆಟ್ಟಾಗ ಅದನ್ನು ಅಲ್ಲಿಗೇ ಕಳಿಸಬೇಕಾದ ಖರ್ಚು ಮತ್ತು ಕಾಯುವ ದಿನಗಳೊಂದಿಗೆ ತೂಗಿ ನೋಡಬೇಕು. ಹೊಸ ಕಾರ್ಡುಗಳಿಗೆ ಸಾಮಾನ್ಯವಾಗಿ 3 ವರ್ಷಗಳ ವಾರಂಟಿ ಇರುತ್ತದೆ. ನಾಗಪುರದಲ್ಲಿ ಸೇವಾ ಕೇಂದ್ರವಿದೆಯೇ ಎಂದು ಮೊದಲೇ ಕೇಳಿ. ಕಾರ್ಡಿನ ಕ್ರಮಸಂಖ್ಯೆ ನಮೂದಿಸಿದ ಜಿಎಸ್‌ಟಿ ಬಿಲ್ಲನ್ನು ತಪ್ಪದೆ ಪಡೆಯಿರಿ. ಬಿಲ್ಲಿಲ್ಲದೆ ಕೊಂಡರೆ ತೆರಿಗೆಯಷ್ಟು ಉಳಿಯಿತೆಂದು ತೋರಬಹುದು, ಕಳೆದುಹೋಗುವುದು ವಾರಂಟಿ.

ಜೋಡಿಸುವ ಕ್ರಮ

1. ಹಳೆಯ ಕಾರ್ಡ್ ಇದ್ದರೆ ಅದರ ಡ್ರೈವರ್ ತಂತ್ರಾಂಶವನ್ನು ತೆಗೆದುಹಾಕಿ, ಯಂತ್ರವನ್ನು ಆರಿಸಿ, ಗೋಡೆಯ ಪ್ಲಗ್ಗನ್ನು ಕೀಳಿ.

2. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಿ. ಒಣಹವೆಯ ಚಳಿಗಾಲದಲ್ಲಿ ಇದು ಮುಖ್ಯ.

3. ಸ್ಲಾಟಿನ ಎದುರಿನ ಹಿಂಬದಿಯ ತಗಡುಪಟ್ಟಿಗಳನ್ನು ತೆಗೆದು, ಕಾರ್ಡನ್ನು ನೇರವಾಗಿ ‘ಟಕ್’ ಎನ್ನುವವರೆಗೆ ಒತ್ತಿ, ಸ್ಕ್ರೂ ಬಿಗಿಯಿರಿ. ಬೇಕಿದ್ದರೆ ವಿದ್ಯುತ್ ತಂತಿ ಸಿಕ್ಕಿಸಿ.

4. ಪರದೆಯ ಕೇಬಲ್ಲನ್ನು ಹೊಸ ಕಾರ್ಡಿನ ಕಿಂಡಿಗೆ ಹಾಕಿ. ಬೋರ್ಡಿನ ಹಳೆಯ ಕಿಂಡಿಯಲ್ಲೇ ಬಿಟ್ಟರೆ ಕಾರ್ಡ್ ಸುಮ್ಮನೆ ಕುಳಿತಿರುತ್ತದೆ.

5. ತಯಾರಕರ ಅಧಿಕೃತ ಜಾಲತಾಣದಿಂದಲೇ ಡ್ರೈವರ್ ಇಳಿಸಿಕೊಂಡು ಸ್ಥಾಪಿಸಿ.

ಅನಂತರ ಆಟದೊಳಗಿನ ಹೊಂದಾಣಿಕೆ. 1920×1080ರ ಬದಲು 1600×900 ಇಟ್ಟರೆ ಚುಕ್ಕಿಗಳ ಸಂಖ್ಯೆ 20.7 ಲಕ್ಷದಿಂದ 14.4 ಲಕ್ಷಕ್ಕೆ ಇಳಿಯುತ್ತದೆ. ಕಾರ್ಡಿನ ಹೊರೆ ಮೂರನೆಯ ಒಂದರಷ್ಟು ಕಡಿಮೆ. ನೆರಳುಗಳ ಗುಣಮಟ್ಟವನ್ನು ಒಂದು ಮೆಟ್ಟಿಲು ತಗ್ಗಿಸಿದರೆ ಕಣ್ಣಿಗೆ ಅಷ್ಟಾಗಿ ತಿಳಿಯದು, ಆಟ ಹಗುರಾಗುತ್ತದೆ. ಎಎಂಡಿ 2021ರಲ್ಲಿ ತಂದ ಎಫ್‌ಎಸ್‌ಆರ್ ತಂತ್ರ ಆಟದಲ್ಲಿದ್ದರೆ ಹಳೆಯ ಕಾರ್ಡುಗಳೂ ಅದರ ಲಾಭ ಪಡೆಯಬಲ್ಲವು. ಪರದೆ 60 ಹರ್ಟ್ಸ್‌ನದಾದರೆ ಚಿತ್ರಗಳ ಮಿತಿಯನ್ನು 60ಕ್ಕೇ ಕಟ್ಟಿಹಾಕಿ; ಕಣ್ಣಿಗೆ ಕಾಣದ ಚಿತ್ರಗಳಿಗಾಗಿ ಕಾರ್ಡ್ ಬಿಸಿಯಾಗುವುದು ತಪ್ಪುತ್ತದೆ. ಇವೆಲ್ಲ ಖರ್ಚಿಲ್ಲದ ಉಪಾಯಗಳು. ಕಾರ್ಡ್ ಕೊಳ್ಳುವ ಮೊದಲೇ ಇವನ್ನು ಪ್ರಯತ್ನಿಸಿದರೆ, ಕೆಲವರಿಗೆ ಕೊಳ್ಳುವ ಪ್ರಮೇಯವೇ ಬರದಿರಬಹುದು.

ಹಿರಿಯರ ಗಮನಕ್ಕೆ

ಕಾರ್ಡಿಗಿಂತ ಹೆಚ್ಚು ಹಣ ಸದ್ದಿಲ್ಲದೆ ಸೋರಿಹೋಗುವ ದಾರಿ ಆಟದೊಳಗಿನ ಖರೀದಿಗಳು. ಮನೆಯ ಕಾರ್ಡು, ಯುಪಿಐ ವಿವರಗಳನ್ನು ಆಟದ ಖಾತೆಯಲ್ಲಿ ಉಳಿಸಿಡಬಾರದು. ಹಣ ಕಟ್ಟಿ ಗೆಲ್ಲುವ ಆಟಗಳ ವಿಷಯ ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಅಂಥ ಹಣದ ಆಟಗಳನ್ನು ನಿಷೇಧಿಸಿ, ಕ್ರೀಡಾಸ್ಪರ್ಧೆಯ ರೂಪದ ಇ-ಸ್ಪೋರ್ಟ್ಸ್ ಆಟಗಳನ್ನು ಪ್ರತ್ಯೇಕವಾಗಿ ಗುರುತಿಸಿತು. ಈ ಭೇದವನ್ನು ಮಕ್ಕಳಿಗೆ ತಿಳಿಸಿ ಹೇಳುವುದು ಹಿರಿಯರ ಹೊಣೆ.

ಕಾರ್ಡ್ ಕೊಳ್ಳುವ ಕೆಲಸದಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳಿ. ಕ್ಯಾಬಿನೆಟ್ ಅಳೆಯುವುದು, ವ್ಯಾಟಿನ ಲೆಕ್ಕ ಕೂಡುವುದು, ಬೆಲೆಗಳನ್ನು ಹೋಲಿಸುವುದು ಅವರೇ ಮಾಡಲಿ. ಬೇಡಿಕೆಗೂ ಬಜೆಟ್ಟಿಗೂ ಇರುವ ಅಂತರ ಅವರಿಗೆ ಉಪದೇಶವಿಲ್ಲದೆ ಅರ್ಥವಾಗುತ್ತದೆ.

ಕೊನೆಯದಾಗಿ, ಬದಲಿಸಿದ ಹಳೆಯ ಕಾರ್ಡು ಮತ್ತು ವಿದ್ಯುತ್ ಪೆಟ್ಟಿಗೆಗಳನ್ನು ರದ್ದಿಯವರ ಚೀಲಕ್ಕೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅವು ನೋಂದಾಯಿತ ಮರುಬಳಕೆದಾರರನ್ನು ತಲುಪಬೇಕು. ಸುಸ್ಥಿತಿಯಲ್ಲಿರುವ ಕಾರ್ಡಾದರೆ ಪರಿಚಿತರ ಮನೆಯ ಇನ್ನೊಂದು ಯಂತ್ರಕ್ಕೆ ಅದು ಉಪಯೋಗಕ್ಕೆ ಬಂದೀತು. ಕೊಡುವಾಗ ಅದು ಎಷ್ಟು ವ್ಯಾಟಿನದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿಕೊಡಿ.